ರಾಡ್ ಹಾಕಿದಾಗ ಮಾತ್ರ 14 ವೋಲ್ಟ್ ಎಲ್ಲಿಗೆ ಹೋಗುತ್ತದೆ?

ಹಿಟ್ಟಿನಕ್ಕ, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿ ಪೂರ್ವದಲ್ಲಿ ಮನೆಯಲ್ಲೇ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರುತ್ತೇನೆ. ಊರು ಕುಂದಾಪುರದ ಹತ್ತಿರ. ಕರೆಂಟಿನ ವಿಷಯದಲ್ಲಿ ನನಗೆ ಬರುವುದು ಬಿಲ್ ಕಟ್ಟುವುದು ಒಂದೇ. ಪ್ರಶ್ನೆ ಪೆದ್ದಾಗಿದ್ದರೆ ನಗಬೇಡಿ.

ನಮ್ಮದು ಹಳೆಯ ಕಟ್ಟಡ, ಬಚ್ಚಲಲ್ಲಿ ಗೀಸರ್ ಇಲ್ಲ. ಬಚ್ಚಲ ಬಾಗಿಲ ಹೊರಗೆ ಬಕೆಟ್ ಇಟ್ಟು, ರಾಡ್ ಇಳಿಸಿ ನೀರು ಕಾಯಿಸುತ್ತೇವೆ. 1500 ವ್ಯಾಟಿನ ರಾಡು, ಅದರ ಪಿನ್ನು ದಪ್ಪದ್ದು. ದಪ್ಪ ಪಿನ್ನು ಹಿಡಿಯುವ ಬೋರ್ಡು ಅಡುಗೆಮನೆಯಲ್ಲಿ ಒಂದೇ ಇರುವುದು, ಅದರಲ್ಲಿ ಹಿಟ್ಟಿನ ಫ್ರಿಜ್ಜು. ಹಾಗಾಗಿ ಹೊರಕೋಣೆಯ ಸಣ್ಣ ಬೋರ್ಡಿನಿಂದ 10 ಮೀಟರಿನ ಎಕ್ಸ್‌ಟೆನ್ಷನ್ ಎಳೆದು, ಅದರ ಪೆಟ್ಟಿಗೆಗೆ, ದಪ್ಪ ಪಿನ್ನನ್ನು ಸಣ್ಣ ತೂತಿಗೆ ಹೊಂದಿಸುವ ಒಂದು ಕನ್ವರ್ಟರ್ ಪಿನ್ನು ಹಾಕಿ, ಅದಕ್ಕೆ ರಾಡ್ ಚುಚ್ಚುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಹೋದ ಭಾನುವಾರ ಮೀನು ಸುಟ್ಟ ಹಾಗೆ ವಾಸನೆ. ಪಕ್ಕದ ಮನೆಯವರ ಬಂಗುಡೆ ಎಂದುಕೊಂಡೆ. ಆಮೇಲೆ ನೋಡಿದರೆ ಕನ್ವರ್ಟರ್ ಪಿನ್ನಿನ ಬಿಳಿ ಪ್ಲಾಸ್ಟಿಕ್ ಒಂದು ಕಡೆ ಕಾಫಿ ಬಣ್ಣಕ್ಕೆ ತಿರುಗಿ ಜೋತು ಬಿದ್ದಿದೆ. ಎಕ್ಸ್‌ಟೆನ್ಷನ್ ಪೆಟ್ಟಿಗೆಯಲ್ಲಿ ಒಂದೇ ಒಂದು ತೂತು ಕರಕಲು. ಅದು ನ್ಯೂಟ್ರಲ್ ತೂತಂತೆ.

ಅಣ್ಣನ ಮಗ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ. ಸಂಜೆ ಮೀಟರ್ ಹಿಡಿದುಕೊಂಡು ಬಂದ. ಅದೇ ಹಳೆಯ ಕನ್ವರ್ಟರಿನಲ್ಲಿ ಎರಡು ನಿಮಿಷ ಮಾತ್ರ ರಾಡ್ ಹಾಕಿ ಅಳೆದು, ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದುಕೊಟ್ಟು, ಆಮೇಲೆ ಕನ್ವರ್ಟರನ್ನು ಕಸದ ಬುಟ್ಟಿಗೆ ಎಸೆದ. ಚೀಟಿಯಲ್ಲಿ ಇರುವುದು ಇಷ್ಟು: ರಾಡ್ ಆಫ್ ಇದ್ದಾಗ ಎಲ್ಲಾ ಕಡೆ 229 ವೋಲ್ಟ್. ರಾಡ್ ಆನ್ ಮಾಡಿದ ಮೇಲೆ ಗೋಡೆಯ ಬೋರ್ಡಿನಲ್ಲಿ 226. ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಖಾಲಿ ತೂತಿನಲ್ಲಿ 221. ರಾಡಿನ ತಲೆಯ ಮುಚ್ಚಳ ಬಿಚ್ಚಿ, ಒಳಗಿನ ಸ್ಕ್ರೂಗಳ ಹತ್ತಿರ 215. ಪಿನ್ನು ಕಿತ್ತು ರಾಡನ್ನೇ ಅಳೆದರೆ 35 ಓಮ್.

"ಲೂಸ್ ಕಾಂಟ್ಯಾಕ್ಟ್ ಅತ್ತೆ" ಎಂದು ಹೇಳಿ ಹೋದ. ಅದಕ್ಕೂ ಮೊದಲು ಕಟ್ಟಡದ ವಾಯರ್‌ಮನ್ ಬಂದಿದ್ದ, ಅವನು ಹೇಳಿದ್ದು "ಲೋಡ್ ಜಾಸ್ತಿ". ನನಗೆ ಎರಡೂ ಅರ್ಥವಾಗಲಿಲ್ಲ. ಮಗ ಹತ್ತನೇ ಕ್ಲಾಸು. ವಿ ಈಸ್ ಈಕ್ವಲ್ ಟು ಐ ಆರ್ ಎಂದು ಮಂತ್ರದ ಹಾಗೆ ಹೇಳುತ್ತಾನೆ. "ಸರಿ ಮಗಾ, ಹಾಗಾದರೆ ಪಿನ್ನು ಯಾಕೆ ಕರಗಿತು?" ಎಂದರೆ "ಅದು ಸಿಲಬಸ್‌ನಲ್ಲಿ ಇಲ್ಲ" ಎನ್ನುತ್ತಾನೆ.

ರಾಡ್ ಆಫ್ ಇದ್ದಾಗ ಇದ್ದ 229, ಆನ್ ಮಾಡಿದ ಕೂಡಲೇ 215 ಹೇಗಾಯಿತು? ಮಧ್ಯದ 14 ವೋಲ್ಟ್ ಎಲ್ಲಿಗೆ ಹೋಯಿತು? 10 ಮೀಟರ್ ವೈರಿನಲ್ಲಿ 5 ಹೋಗಿ, ಎರಡು ಇಂಚಿನ ಪಿನ್ನಿನಲ್ಲಿ 6 ಹೋಗುವುದು ಎಂದರೇನು? ನೀರಿನ ಟ್ಯಾಂಕಿನ ಉದಾಹರಣೆ ಕೊಡಬೇಡಿ. ಅದನ್ನು ಎಲ್ಲರೂ ಕೊಟ್ಟಾಯಿತು, ನನಗೆ ಟ್ಯಾಂಕ್ ಮಾತ್ರ ಅರ್ಥವಾಗಿದೆ.

ಠಾಣೆಕರ:

ಅಕ್ಕಾ, ಸಿಂಪಲ್. ಕರೆಂಟ್ ಫೇಸಿನಿಂದ ಬರುತ್ತದೆ, ರಾಡಿನಲ್ಲಿ ಖರ್ಚಾಗುತ್ತದೆ, ಉಳಿದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತದೆ. ನ್ಯೂಟ್ರಲ್ ತೂತು ಸುಟ್ಟಿದೆ ಎಂದರೆ ನಿಮ್ಮ ಮನೆಯ ವೈರಿಂಗ್ ಉಲ್ಟಾ ಇದೆ. ಮತ್ತೆ ವೋಲ್ಟೇಜ್ ಕಡಿಮೆ ಬಂದರೆ ಸಾಮಾನು ಸುಡುತ್ತದೆ. ಒಂದು ಸ್ಟೆಬಿಲೈಸರ್ ಹಾಕಿಬಿಡಿ, ಮುಗಿಯಿತು.

ಕಾರ್‌ಶೆಡ್ ಮಾಮ, ಮುಲುಂಡ್:

ಠಾಣೆಯವರೇ, ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಒಂದು ಮಾತೂ ಸರಿಯಿಲ್ಲ. ಆದರೆ ಹತ್ತರಲ್ಲಿ ಒಂಬತ್ತು ಜನ ಹೀಗೇ ತಿಳಿದುಕೊಂಡಿರುತ್ತಾರೆ. ಶೆಡ್ಡಿಗೆ ಸೇರಿದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ.

ಹಿಟ್ಟಿನಕ್ಕ ಎಂದು ನೀವೇ ಹೆಸರಿಟ್ಟುಕೊಂಡಿದ್ದೀರಿ. ನನಗೆ ಎಪ್ಪತ್ತೊಂದು, ಆದರೂ ಅಕ್ಕ ಎಂದೇ ಕರೆಯುತ್ತೇನೆ. ಲೋಕಲ್ ಗಾಡಿಯ ಕಾರ್‌ಶೆಡ್ಡಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ರಿಟೈರ್ ಆದವನು. ಊರು ಕಾರ್ಕಳ.

ಮೊದಲು ನಿಮ್ಮ ಅಣ್ಣನ ಮಗನಿಗೆ ಒಂದು ಶಾಭಾಸ್. ಲೋಡ್ ಹಾಕದೆ, ಅಂದರೆ ಸಾಮಾನು ಆನ್ ಮಾಡದೆ, ಅಳೆದು "ವೋಲ್ಟೇಜ್ ಬರೋಬರ್ ಇದೆ" ಎಂದು ಹೋಗುವವರೇ ಜಾಸ್ತಿ. ಅವನು ಲೋಡ್ ಹಾಕಿ, ಮೂರು ಕಡೆ ಅಳೆದಿದ್ದಾನೆ. ಉತ್ತರ ಪೂರ್ತಿ ಆ ಹಾಲಿನ ಚೀಟಿಯಲ್ಲೇ ಇದೆ.

ಟ್ಯಾಂಕ್ ಬೇಡ ಎಂದಿರಿ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಆಗಬಹುದಾ? ಬೆಳಿಗ್ಗೆ ಎಂಟೂವರೆಗೆ ಸೇತುವೆಯ ಮೇಲೆ ಜನ ಸಾಲಾಗಿ ಹೋಗುತ್ತಿದ್ದಾರೆ ಎಂದುಕೊಳ್ಳಿ. ಮಧ್ಯದಲ್ಲಿ ಯಾರೂ ಸೇರುವುದಿಲ್ಲ, ಯಾರೂ ಇಳಿಯುವುದಿಲ್ಲ. ಆಗ ಒಂದು ನಿಮಿಷಕ್ಕೆ ಸೇತುವೆ ಹತ್ತುವವರು ಎಷ್ಟೋ, ಮಧ್ಯದಲ್ಲಿ ದಾಟುವವರು ಅಷ್ಟೇ, ಆ ಕಡೆ ಇಳಿಯುವವರೂ ಅಷ್ಟೇ. ಆ ಲೆಕ್ಕವೇ ಕರೆಂಟ್, ಅಂದರೆ ಆಂಪಿಯರ್. ಒಂದೇ ದಾರಿಯಲ್ಲಿ ಅದು ಎಲ್ಲಾ ಕಡೆಯೂ ಒಂದೇ. ಫೇಸಿನಲ್ಲಿ 6 ಹೋದರೆ ನ್ಯೂಟ್ರಲ್‌ನಲ್ಲಿ 6 ವಾಪಸ್ ಬರಲೇಬೇಕು. ರಾಡಿನಲ್ಲಿ ಕರೆಂಟ್ ಖರ್ಚಾಗುವುದಿಲ್ಲ. ಖರ್ಚಾಗುವುದು ಅದನ್ನು ತಳ್ಳಿದ ಶಕ್ತಿ, ಅದು ಬಿಸಿಯಾಗಿ ನೀರಿಗೆ ಸೇರುತ್ತದೆ. ಆದ್ದರಿಂದ ನ್ಯೂಟ್ರಲ್ ತೂತು ಸುಟ್ಟದ್ದರಲ್ಲಿ ಉಲ್ಟಾ ಏನೂ ಇಲ್ಲ. ಎರಡು ತೂತಿಗೂ ಒಂದೇ ಕರೆಂಟು. ಯಾವುದು ಸಡಿಲವಿತ್ತೋ ಅದು ಸುಟ್ಟಿತು.

ಸೇತುವೆಯಲ್ಲಿ ಒಂದು ಕಡೆ ಯಾರೋ ಬುಟ್ಟಿ ಇಟ್ಟುಕೊಂಡು ಕೂತು ದಾರಿ ಕಿರಿದಾಗಿದೆ. ನೂಕುನುಗ್ಗಲು ಎಲ್ಲಿ? ಅಲ್ಲೇ. ಅಷ್ಟೇ ಜನ ದಾಟಲು ಅಲ್ಲಿ ಹೆಚ್ಚು ತಳ್ಳಬೇಕು. ಆ ಕಿರಿದು ದಾರಿ ರೆಸಿಸ್ಟೆನ್ಸ್, ಅದರ ಅಳತೆ ಓಮ್. ಆ ತಳ್ಳಾಟಕ್ಕೆ ಬೇಕಾದದ್ದು ವೋಲ್ಟು. ಮಧ್ಯಾಹ್ನ ಮೂರಕ್ಕೆ ಸೇತುವೆ ಖಾಲಿ. ಬುಟ್ಟಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ರಾಡ್ ಆಫ್ ಇದ್ದಾಗ ಆಗಿದ್ದು ಇದೇ. ಕರೆಂಟ್ ಸೊನ್ನೆ. ಸೊನ್ನೆಯನ್ನು ಯಾವ ರೆಸಿಸ್ಟೆನ್ಸಿನಿಂದ ಗುಣಿಸಿದರೂ ಸೊನ್ನೆ. ಹಾಗಾಗಿ ಎಲ್ಲೂ ಒಂದು ವೋಲ್ಟೂ ಬೀಳಲಿಲ್ಲ, ಕರಕಲು ಪಿನ್ನಿನ ಆಚೆಯೂ 229 ಕಾಣಿಸಿತು.

ಈಗ ಆನ್ ಮಾಡೋಣ. ರಾಡಿನ ಬಾಯಿಗೆ ಸಿಕ್ಕಿದ್ದು 215 ವೋಲ್ಟ್, ರಾಡ್ 35 ಓಮ್. 215 ಭಾಗಿಸು 35 ಅಂದರೆ 6.1 ಆಂಪಿಯರ್. ವೋಲ್ಟ್ ಅಂದರೆ ಆಂಪಿಯರ್ ಗುಣಿಸು ಓಮ್ ಎಂಬ ಮಗನ ಮಂತ್ರವೇ, ತಿರುಗಿಸಿ ಬರೆದದ್ದು ಅಷ್ಟೇ. ಈ 6.1 ನಿಮ್ಮ ಮನೆಯ ಮೀಟರಿನಿಂದ ಹಿಡಿದು ರಾಡಿನ ತುದಿಯವರೆಗೂ ಒಂದೇ. ಅದನ್ನು ಕೈಯಲ್ಲಿ ಹಿಡಿದುಕೊಂಡು ಕಳೆದುಹೋದ ವೋಲ್ಟುಗಳನ್ನು ಹುಡುಕುತ್ತಾ ಹೋಗಿ.

ಗೋಡೆಯ ಬೋರ್ಡಿನವರೆಗೆ 3 ವೋಲ್ಟ್ ಬಿದ್ದಿದೆ. 3 ಭಾಗಿಸು 6.1, ಅರ್ಧ ಓಮ್. ಅದು ಕಟ್ಟಡದ ಲೈನು ಮತ್ತು ನಿಮ್ಮ ಮನೆಯ ವೈರು. ಹಳೆಯ ಕಟ್ಟಡಕ್ಕೆ ಇದು ಇದ್ದದ್ದೇ. ಎಕ್ಸ್‌ಟೆನ್ಷನ್ನಿನಲ್ಲಿ 5 ವೋಲ್ಟ್, ಅಂದರೆ 0.8 ಓಮ್. ಅರ್ಧ ಎಂಎಂ, ಅಂದರೆ ಅಡ್ಡ ಕತ್ತರಿಸಿದ ಜಾಗ ಅರ್ಧ ಚದರ ಎಂಎಂ ಇರುವ ತಾಮ್ರದ ವೈರು ಮೀಟರಿಗೆ ಸುಮಾರು 0.039 ಓಮ್ ಇರುತ್ತದೆ. ಹೋಗಿ ಬರುವ ದಾರಿ 20 ಮೀಟರ್. ಗುಣಿಸಿದರೆ 0.78. ಸರಿಯಾಗಿ ಕೂತಿತು ನೋಡಿ. ಅಂದರೆ ನಿಮ್ಮ ಎಕ್ಸ್‌ಟೆನ್ಷನ್ ಅರ್ಧ ಎಂಎಂ ವೈರಿನದ್ದು, ಟಿವಿ, ಮೊಬೈಲ್ ಚಾರ್ಜರಿಗೆ ಮಾಡಿದ್ದು. ಜರ್ಮನಿಯಲ್ಲಿ ಓಮ್ ಎಂಬ ಸ್ಕೂಲ್ ಮಾಸ್ತರರು ಮಾಡಿದ್ದೂ ಹೆಚ್ಚುಕಮ್ಮಿ ಇದೇ. ಬೇರೆ ಬೇರೆ ಉದ್ದದ ತಂತಿ ಹಾಕಿ, ಸೂಜಿ ಎಷ್ಟು ವಾಲುತ್ತದೆ ಎಂದು ನೋಡುತ್ತಾ ಕೂತರು. 1827ರಲ್ಲಿ ಪುಸ್ತಕ ಬಂತು.

ಉಳಿದದ್ದು ನಿಮ್ಮ ಕಳ್ಳ. ಪೆಟ್ಟಿಗೆಯಿಂದ ರಾಡಿನ ಸ್ಕ್ರೂವರೆಗೆ 6 ವೋಲ್ಟ್, ಅಂದರೆ ಸುಮಾರು ಒಂದು ಓಮ್. ರಾಡಿನ ಸ್ವಂತ ವೈರು ಗಿಡ್ಡ, ದಪ್ಪ. ಅದರಲ್ಲಿ ಅರ್ಧ ವೋಲ್ಟೂ ಹೋಗುವುದಿಲ್ಲ. ಮಿಕ್ಕದ್ದೆಲ್ಲಾ ಕನ್ವರ್ಟರ್ ಮತ್ತು ಅದು ಕೂತ ತೂತು.

ಒಂದು ಓಮ್ ಎಂದರೆ ಏನು ಮಹಾ ಎನ್ನಬೇಡಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಅಂದರೆ ಬಿಸಿ. ಎಕ್ಸ್‌ಟೆನ್ಷನ್ನಿನಲ್ಲಿ 5 ಗುಣಿಸು 6.1, ಸುಮಾರು 30 ವ್ಯಾಟ್. ಆದರೆ ಅದು 10 ಮೀಟರ್ ಉದ್ದಕ್ಕೆ ಹರಡಿದೆ, ಮೀಟರಿಗೆ 3 ವ್ಯಾಟ್. ಕೈಗೆ ಬೆಚ್ಚಗೆ ತಾಗುತ್ತದೆ ಅಷ್ಟೇ. ಕನ್ವರ್ಟರಿನಲ್ಲಿ 6 ಗುಣಿಸು 6.1, ಸುಮಾರು 37 ವ್ಯಾಟ್, ಅದೂ ಉಗುರಿನಷ್ಟು ಜಾಗದಲ್ಲಿ. ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು, ಅದು ಸೀಸ ಕರಗಿಸುತ್ತದೆ. ನೀವು ಅದಕ್ಕಿಂತ ಬಿಸಿಯಾದ ಒಂದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಉರಿಸುತ್ತಿದ್ದಿರಿ. ಬಂಗುಡೆ ವಾಸನೆ ಬಾರದೆ ಇನ್ನೇನು?

ಇದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ತೂತಿನೊಳಗಿನ ಹಿತ್ತಾಳೆ ಪಟ್ಟಿ ಸ್ವಲ್ಪ ಸಡಿಲವಾಗಿರುತ್ತದೆ. ಸ್ವಲ್ಪ ಬಿಸಿ. ಬಿಸಿಗೆ ಪಟ್ಟಿ ಇನ್ನೂ ಸಡಿಲ, ಮೇಲೆ ಕಪ್ಪು ಕಿಲುಬು. ರೆಸಿಸ್ಟೆನ್ಸ್ ಇನ್ನೂ ಜಾಸ್ತಿ, ಬಿಸಿ ಇನ್ನೂ ಜಾಸ್ತಿ. ಎರಡು ವರ್ಷ ಸುಮ್ನೆ ಇದ್ದದ್ದು ಕೊನೆಯ ಒಂದು ವಾರದಲ್ಲಿ ಮುಖ ತೋರಿಸುತ್ತದೆ.

ಸ್ಟೆಬಿಲೈಸರ್ ಮಾತು. ರಾಡಿನಂಥ ಸಾಮಾನಿಗೆ ವೋಲ್ಟೇಜ್ ಕಡಿಮೆ ಬಂದರೆ ಕರೆಂಟೂ ಕಡಿಮೆ, ಬಿಸಿಯೂ ಕಡಿಮೆ, ನೀರು ನಿಧಾನ. ಸುಡುವುದಿಲ್ಲ. ಸ್ಟೆಬಿಲೈಸರ್ ಹಾಕಿ ವೋಲ್ಟ್ ಏರಿಸಿದ್ದರೆ ಅದೇ ಲೂಸ್ ಪಿನ್ನಿನಲ್ಲಿ ಕರೆಂಟ್ ಇನ್ನೂ ಹೆಚ್ಚಿ ಬೇಗ ಸುಡುತ್ತಿತ್ತು. ಫ್ರಿಜ್ಜಿನ ಮೋಟಾರಿನ ಕತೆ ಬೇರೆ, ಅದನ್ನು ಇಲ್ಲಿ ತರಬೇಡಿ.

ವಾಯರ್‌ಮನ್ "ಲೋಡ್ ಜಾಸ್ತಿ" ಎಂದದ್ದೂ ಪೂರ್ತಿ ಸುಳ್ಳಲ್ಲ. 1500 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 6.5 ಆಂಪಿಯರ್. ಸಣ್ಣ ತೂತಿಗೆ ಬರೆದಿರುವ ಮಿತಿಯೇ 6. ತಯಾರಿಸಿದವನು ದಪ್ಪ ಪಿನ್ನು ಕೊಟ್ಟದ್ದು ಅದಕ್ಕೇ. ಕನ್ವರ್ಟರ್ ಹಾಕಿ ನಾವು ಅವನಿಗಿಂತ ಬುದ್ಧಿವಂತರಾದೆವು.

ಪುಣೆ ಪೋರ, ಕೋಥ್ರೂಡ್:

ಮಾಮಾ, ಸೇತುವೆ ಸೂಪರ್. ಒಂದು ಎಚ್ಚರಿಕೆ ಸೇರಿಸುತ್ತೇನೆ, ಯಾಕೆಂದರೆ ಈ ಅಕ್ಕನ ಮಗ ಈಗ ಖಂಡಿತ ಮೀಟರ್ ಕೇಳುತ್ತಾನೆ.

ನಾನು ಧಾರವಾಡದಿಂದ ಇಲ್ಲಿಗೆ ಡಿಪ್ಲೊಮಾ ಓದಲು ಬಂದ ಮೊದಲ ವರ್ಷ, ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಹಳದಿ ಬಣ್ಣದ ಅಗ್ಗದ ಮೀಟರ್ ತೆಗೆದುಕೊಂಡೆ. ರೂಮಿಗೆ ಬಂದೆ. "ಸಾಕೆಟ್ಟಿನಲ್ಲಿ ಎಷ್ಟು ಕರೆಂಟ್ ಇದೆ" ನೋಡೋಣ ಎಂದು ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಹಾಕಿ, ಎರಡು ಕಡ್ಡಿಗಳನ್ನೂ ಗೋಡೆಯ ಸಾಕೆಟ್ಟಿಗೆ ಚುಚ್ಚಿದೆ. ಢಂ! ಕಡ್ಡಿಯ ತುದಿ ಕರಗಿ ಗುಂಡಗಾಯಿತು. ಇಡೀ ಫ್ಲೋರ್ ಕತ್ತಲು. ರೂಮ್‌ಮೇಟ್ ಸ್ನಾನದಲ್ಲಿದ್ದ, ಅವನ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಕಣ್ಣಿಗೆ ಏನೂ ಆಗದಿದ್ದದ್ದು ಪುಣ್ಯ.

ಪ್ರಶ್ನೆಯೇ ತಪ್ಪಾಗಿತ್ತು. ಸಾಕೆಟ್ಟಿನಲ್ಲಿ ಕರೆಂಟ್ "ಇರುವುದಿಲ್ಲ". ವೋಲ್ಟ್ ಇರುತ್ತದೆ. ಏನು ಹಾಕುತ್ತೀರೋ ಅದರ ರೆಸಿಸ್ಟೆನ್ಸ್ ನೋಡಿಕೊಂಡು ಕರೆಂಟ್ ಹರಿಯುತ್ತದೆ. ಆಂಪಿಯರ್ ತೂತಿಗೆ ಹಾಕಿದ ಮೀಟರಿನ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಸೊನ್ನೆ, ಒಂದು ತುಂಡು ತಾಮ್ರದ ತಂತಿ ಇದ್ದ ಹಾಗೆ. 230 ವೋಲ್ಟಿಗೆ ತಂತಿ ಅಡ್ಡ ಹಿಡಿದರೆ ಏನಾಗಬೇಕೋ ಅದೇ ಆಯಿತು. ವೋಲ್ಟ್ ಅಳೆಯುವಾಗ ಅದೇ ಮೀಟರ್ ಲಕ್ಷಗಟ್ಟಲೆ ಓಮ್ ಇರುತ್ತದೆ, ಹಾಗಾಗಿ ಅದರೊಳಗೆ ಹರಿಯುವುದು ಲೆಕ್ಕಕ್ಕೇ ಬಾರದಷ್ಟು.

ತಮ್ಮನಿಗೆ ಗೋಡೆಯ ಸಾಕೆಟ್ ಬೇಡವೇ ಬೇಡ. ಒಂದು 9 ವೋಲ್ಟಿನ ಚೌಕ ಬ್ಯಾಟರಿ, ಒಂದು 100 ಓಮ್, ಒಂದು 220 ಓಮ್ ರೆಸಿಸ್ಟರ್ ಕೊಡಿಸಿ. ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ರೆಸಿಸ್ಟರುಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ. ಎರಡನ್ನೂ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿ ಬ್ಯಾಟರಿಗೆ ಹಾಕಲಿ. ಒಟ್ಟು 320 ಓಮ್, 28 ಮಿಲಿಆಂಪಿಯರ್. 100ರ ಮೇಲೆ 2.8 ವೋಲ್ಟ್, 220ರ ಮೇಲೆ 6.2. ಒಂದು ಕಾಲು ಕಿತ್ತು ನೋಡಿದರೆ ಎರಡರ ಮೇಲೂ ಸೊನ್ನೆ, ಆದರೆ ಕಿತ್ತ ಜಾಗದಲ್ಲಿ ಪೂರ್ತಿ 9. ನಿಮ್ಮ ಮನೆಯ ಕತೆಯೇ, ಆದರೆ ಶಾಕ್ ಹೊಡೆಯುವುದಿಲ್ಲ. ಬ್ಯಾಟರಿ ಹಳೆಯದಾಗಿದ್ದರೆ 9 ಬರುವುದಿಲ್ಲ, ಗಾಬರಿಯಾಗಬೇಡಿ. ಬ್ಯಾಟರಿಯ ಒಳಗೂ ರೆಸಿಸ್ಟೆನ್ಸ್ ಇದೆ, ಅದೂ ತನ್ನ ಪಾಲು ತಿನ್ನುತ್ತದೆ.

ಮಾಮನಿಗೆ ನನ್ನದೊಂದು ಪ್ರಶ್ನೆ. ಅಜ್ಜಿ ಮನೆಯ ದೇವರ ಗೂಡಿನಲ್ಲಿ 15 ವ್ಯಾಟಿನ ಹಳೇ ಕಾಲದ ಬಲ್ಬ್ ಇತ್ತು. ಲೆಕ್ಕದ ಪ್ರಕಾರ 230 ಗುಣಿಸು 230 ಭಾಗಿಸು 15, ಅಂದರೆ 3500 ಓಮ್ ಬರಬೇಕು. ಮೀಟರಿಗೆ ಹಿಡಿದರೆ ಮುನ್ನೂರರ ಆಸುಪಾಸು. ಓಮ್ ಮಾಸ್ತರು ಸುಳ್ಳು ಹೇಳಿದರಾ?

ಕಾರ್‌ಶೆಡ್ ಮಾಮ, ಮುಲುಂಡ್:

ಮಾಸ್ತರು ಸುಳ್ಳು ಹೇಳಲಿಲ್ಲ ಮಾರಾಯ, ನೀನು ತಣ್ಣಗಿದ್ದ ಬಲ್ಬ್ ಅಳೆದೆ. ಉರಿಯುವಾಗ ಅದರ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿಯ ಹತ್ತಿರ ಇರುತ್ತದೆ, ಆಗ ರೆಸಿಸ್ಟೆನ್ಸ್ ಹತ್ತು ಪಟ್ಟಿಗಿಂತ ಜಾಸ್ತಿ. ಆ ಬಲ್ಬುಗಳು ಸ್ವಿಚ್ ಹಾಕಿದ ಕ್ಷಣವೇ ಫಟ್ ಎಂದು ಹೋಗುತ್ತಿದ್ದದ್ದು ಅದಕ್ಕೇ. ತಣ್ಣಗಿದ್ದಾಗ ಮೊದಲ ಏಟಿಗೆ ಜಾಸ್ತಿ ಕರೆಂಟ್ ಎಳೆಯುತ್ತದೆ. ರಾಡಿನೊಳಗಿನ ತಂತಿ ನೈಕ್ರೋಮ್. ಬಿಸಿಯಾದರೂ ಅದರ ರೆಸಿಸ್ಟೆನ್ಸ್ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಅಕ್ಕನ 35 ಓಮ್ ಎರಡೂ ಹೊತ್ತಿಗೆ ನಡೆಯುತ್ತದೆ.

ಇನ್ನೊಂದು ಹೇಳಬೇಕು ಅನಿಸಿತು. ಸೇತುವೆಯ ಉಪಮೆ ಒಂದು ಕಡೆ ಕುಂಟುತ್ತದೆ. ಜನ ಈ ಕಡೆಯಿಂದ ಆ ಕಡೆಗೆ ನಡೆದು ಹೋಗುತ್ತಾರೆ, ಎಲೆಕ್ಟ್ರಾನುಗಳು ಹಾಗಲ್ಲ. ಒಂದು ಚದರ ಎಂಎಂ ತಾಮ್ರದಲ್ಲಿ 6 ಆಂಪಿಯರ್ ಹರಿದರೆ ಅವು ಸಾಗುವ ವೇಗ ಸೆಕೆಂಡಿಗೆ ಅರ್ಧ ಮಿಲಿಮೀಟರೂ ಇಲ್ಲ. ಅದೂ ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುವಂಥದ್ದು. ಕೂದಲಿನ ದಪ್ಪದಷ್ಟು ಕೂಡ ಸರಿಯದೆ ಅಲ್ಲೇ ತೂಗಾಡುತ್ತವೆ. ನಿಮ್ಮ ರಾಡಿನ ಎಲೆಕ್ಟ್ರಾನು ಗೋಡೆಯ ಬೋರ್ಡಿನ ಮುಖವನ್ನೇ ನೋಡಿಲ್ಲ. ಆದರೆ ತಂತಿ ಪೂರ್ತಿ ತುಂಬಿರುವುದರಿಂದ ಈ ತುದಿಯಲ್ಲಿ ತಳ್ಳಿದರೆ ಆ ತುದಿಗೆ ಕೂಡಲೇ ಗೊತ್ತಾಗುತ್ತದೆ. ತುಂಬಿದ ವೀರಾರ್ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ಒಬ್ಬ ಹತ್ತಿದರೆ ಒಳಗೆ ಕಿಟಕಿಯ ಹತ್ತಿರ ನಿಂತವನ ಕಾಲಿಗೆ ಗೊತ್ತಾಗುತ್ತದಲ್ವಾ, ಹಾಗೆ.

ಗಾಡಿಯ ಮಾತು ಬಂತು, ಬಿಡಲು ಮನಸ್ಸಿಲ್ಲ. 1925ರ ಫೆಬ್ರವರಿ 3ರಂದು ಮುಂಬೈಯ ಬೋರಿಬಂದರಿನಿಂದ ಕುರ್ಲಾಕ್ಕೆ ಮೊದಲ ಕರೆಂಟ್ ಗಾಡಿ ಓಡಿತು, 1500 ವೋಲ್ಟ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ. ನಾನು ಕೆಲಸ ಕಲಿತದ್ದು ಆ ಡಿಸಿಯಲ್ಲೇ. ಆಮೇಲೆ ಒಂದೊಂದೇ ಕಡೆ 25,000 ವೋಲ್ಟ್ ಎಸಿಗೆ, ಅಂದರೆ ಮನೆಯ ಕರೆಂಟಿನ ಹಾಗೆ ಹಿಂದೆ ಮುಂದೆ ಹೋಗುವಂಥದ್ದಕ್ಕೆ, ಬದಲಾಯಿಸುತ್ತಾ ಬಂದರು. ಹಾರ್ಬರ್ ಲೈನಿನಲ್ಲಿ ಕೊನೆಯದಾಗಿ 2016ರಲ್ಲಿ ಮುಗಿಯಿತು. ಯಾಕೆ ಬದಲಾಯಿಸಿದರು ಎಂಬುದು ಅಕ್ಕನ ಪಿನ್ನಿನಲ್ಲೇ ಇದೆ. ಗಾಡಿ ಹೊರಡುವಾಗ 30 ಲಕ್ಷ ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ಲೆಕ್ಕಕ್ಕೆ. 1500 ವೋಲ್ಟಾದರೆ 2000 ಆಂಪಿಯರ್ ಬೇಕು. 25,000 ಆದರೆ 120 ಸಾಕು. ತಂತಿಯ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದೇ ತಂತಿಯಾಗಿದ್ದರೆ ನಷ್ಟ ಸುಮಾರು 278 ಪಟ್ಟು ಕಡಿಮೆ. ಡಿಸಿ ಕಾಲದಲ್ಲಿ ಕೆಲವೇ ಕಿಲೋಮೀಟರಿಗೆ ಒಂದೊಂದು ಸಬ್‌ಸ್ಟೇಷನ್ ಬೇಕಿತ್ತು, ಇಲ್ಲದಿದ್ದರೆ ದೂರದ ಗಾಡಿಗೆ ವೋಲ್ಟೇ ತಲುಪುತ್ತಿರಲಿಲ್ಲ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟ್ ಕಳಿಸಿದವರೂ ಸಾವಿರಾರು ವೋಲ್ಟಿಗೆ ಏರಿಸಿಯೇ ಕಳಿಸಿದ್ದು. 230 ವೋಲ್ಟಿನಲ್ಲಿ ಕಳಿಸಿದ್ದರೆ ದಾರಿಯಲ್ಲಿ ಕಾಗೆಗಳಿಗೆ ಚಳಿ ಬಿಡುತ್ತಿತ್ತು ಅಷ್ಟೇ.

ವಾಸ್ಕೋ ವಾಯರ್‌ಮನ್:

ಅಕ್ಕಾವ್ರಿಗೆ ನಮಸ್ಕಾರ. ನಾನು ಬಾಗಲಕೋಟೆ ಕಡೆಯವನು, ವಾಸ್ಕೋದಲ್ಲಿ ಹದಿನೈದು ವರ್ಷದಿಂದ ವೈರಿಂಗ್ ಕೆಲಸ. ಲೆಕ್ಕ ಮಾಮಾವ್ರು ಹೇಳಿದ್ದಾರೆ, ನಾನು ಕೈಕೆಲಸದ ಮಾತು ಹೇಳುತ್ತೇನೆ.

ಇಲ್ಲಿ ಸಮುದ್ರದ ಉಪ್ಪುಗಾಳಿ. ಹೊಸ ಬೋರ್ಡು ಹಾಕಿ ಎರಡು ಮಳೆಗಾಲ ಆದ ಮೇಲೆ ಬಿಚ್ಚಿದರೆ ಸ್ಕ್ರೂ ಹತ್ತಿರ ತಾಮ್ರ ಹಸಿರು ಹಿಡಿದಿರುತ್ತದೆ. ಆ ಹಸಿರೇ ರೆಸಿಸ್ಟೆನ್ಸು. ನಾನು ಮೀಟರಿಗಿಂತ ಮೊದಲು ಮೂಗು, ಆಮೇಲೆ ಕೈ ನಂಬುವವನು. ಲೋಡ್ ಇಪ್ಪತ್ತು ನಿಮಿಷ ನಡೆಸಿ, ಸ್ವಿಚ್ ಆಫ್ ಮಾಡಿ, ಪಿನ್ನು ಕಿತ್ತು, ಅದರ ಕಾಲು ಮುಟ್ಟಿ ನೋಡುತ್ತೇನೆ. ಒಂದು ಕಾಲು ತಣ್ಣಗೆ, ಒಂದು ಬಿಸಿ ಇದ್ದರೆ ಆ ಬಿಸಿ ಕಾಲು ಕೂರುವ ತೂತು ಸಡಿಲ. ವೈರಿನ ಎಳೆಗಳನ್ನು ಪೂರ್ತಿ ಹೊಸೆದು ಸ್ಕ್ರೂ ಕೆಳಗೆ ಕೂರಿಸಬೇಕು. ನಾಲ್ಕು ಎಳೆ ಹೊರಗೆ ಬಿಟ್ಟರೆ ಅಷ್ಟು ವೈರು ಕತ್ತರಿಸಿ ಎಸೆದ ಹಾಗೆ.

ಇನ್ನೊಂದು. ಆ ಕನ್ವರ್ಟರಿನಲ್ಲಿ ಅರ್ಥ್ ಕಾಲು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಮೂರನೆಯ ಕಾಲು, ಒಳಗೆ ಜೋಡಿಸಿತ್ತಾ ನೋಡಿದಿರಾ? ಎಷ್ಟೋ ಅಗ್ಗದ ಕನ್ವರ್ಟರುಗಳಲ್ಲಿ ಅದು ಬರೀ ಶೋಕಿ. ಒದ್ದೆ ಮೈಯ ರೆಸಿಸ್ಟೆನ್ಸ್ ಒಂದು ಸಾವಿರ ಓಮ್‌ಗೆ ಇಳಿಯಬಹುದು. 230 ಭಾಗಿಸು 1000, ಅಂದರೆ 230 ಮಿಲಿಆಂಪಿಯರ್, ಜೀವ ಹೋಗಲು ಅಷ್ಟು ಬೇಡ. ಮೇನ್ ಬೋರ್ಡಿನಲ್ಲಿ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ, ಇದಕ್ಕೆ ಬೀಳುವುದಿಲ್ಲ, ಅದು ವೈರ್ ಕಾಯುವುದಕ್ಕೆ ಇರುವುದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹೋದ ಕರೆಂಟು ಮತ್ತು ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತದೆ. ಸ್ವಲ್ಪ ಕಡಿಮೆ ವಾಪಸ್ ಬಂದರೆ, ಯಾರ ಮೈಮೇಲೋ ಹರಿದಿದೆ ಎಂದು ಕಟ್ ಮಾಡುತ್ತದೆ. ಠಾಣೆ ಅಣ್ಣಾವ್ರು ಹೇಳಿದ ಹಾಗೆ ಕರೆಂಟ್ ರಾಡಿನಲ್ಲೇ ಖರ್ಚಾಗುತ್ತಿದ್ದರೆ ಈ ಸಾಮಾನು ದಿನಾ ಬೆಳಿಗ್ಗೆ ಬೀಳಬೇಕಿತ್ತು.

ಠಾಣೆಕರ:

ಒಪ್ಪಿದೆ, ಒಪ್ಪಿದೆ. ನಮ್ಮ ಮನೆಯಲ್ಲೂ ಇಸ್ತ್ರಿಪೆಟ್ಟಿಗೆಗೆ ಕನ್ವರ್ಟರ್ ಇದೆ. ಈಗಷ್ಟೇ ಹೋಗಿ ಮುಟ್ಟಿ ನೋಡಿ ಬಂದೆ. ಬಿಸಿ ಇದೆ.

ಹಿಟ್ಟಿನಕ್ಕ, ಡೊಂಬಿವಲಿ:

ಮಾಮಾ, ತಮ್ಮಂದಿರೇ, ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ. ಗಣಪತಿ ಹಬ್ಬದ ಹಿಟ್ಟಿನ ಆರ್ಡರ್ ಇತ್ತು.

ಅಣ್ಣನ ಮಗನೇ ಕೂತು ಬಚ್ಚಲ ಬಾಗಿಲ ಹೊರಗೆ, ಎತ್ತರದಲ್ಲಿ, ದಪ್ಪ ಪಿನ್ನಿನ 16 ಆಂಪಿಯರ್ ಬೋರ್ಡು ಹಾಕಿದ. ಮೇನಿನಿಂದ ನೇರ ಎರಡೂವರೆ ಎಂಎಂ ವೈರ್ ಎಳೆದ. ಆರ್‌ಸಿಸಿಬಿಯೂ ಬಂತು. ಖರ್ಚು ಕೇಳಿ ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸುಟ್ಟ ಪಿನ್ನನ್ನು ಬುಟ್ಟಿಯಿಂದ ತೆಗೆದು ಮೇಜಿನ ಮೇಲೆ ಇಟ್ಟೆ, ಆಮೇಲೆ ಏನೂ ಕೇಳಲಿಲ್ಲ. ಹಾಂ, ಅದರ ಅರ್ಥ್ ಕಾಲು ವಾಸ್ಕೋ ತಮ್ಮ ಹೇಳಿದ ಹಾಗೇ ಇತ್ತು. ಒಳಗೆ ಯಾವುದಕ್ಕೂ ಸೇರಿಸಿರಲಿಲ್ಲ.

ಈಗ ರಾಡ್ ಆನ್ ಇದ್ದಾಗ ಅದರ ಸ್ಕ್ರೂ ಹತ್ತಿರ 224. ಮೊದಲು 23 ನಿಮಿಷ ಬೇಕಿದ್ದ ಬಕೆಟ್ಟಿಗೆ ಈಗ 21. ಮಗ ಲೆಕ್ಕ ಹಾಕಿ ಹೇಳಿದ, ಮೊದಲು ರಾಡಿಗೆ 1300 ವ್ಯಾಟ್ ಚಿಲ್ಲರೆ ಸಿಗುತ್ತಿತ್ತು, ಈಗ 1400ರ ಮೇಲೆ ಸಿಗುತ್ತಿದೆಯಂತೆ.

ಅವನು ಬ್ಯಾಟರಿ, ರೆಸಿಸ್ಟರ್ ತಂದು ಒಂದು ಸಂಜೆ ಆಡಿದ. ಎರಡನೇ ಸಂಜೆಗೆ ಅದು ಸಾಲಲಿಲ್ಲ. ಗ್ರೈಂಡರ್ ಶುರು ಮಾಡುವಾಗ ನಮ್ಮ ಟ್ಯೂಬ್‌ಲೈಟ್ ಒಮ್ಮೆ ಮಿಣುಕ್ ಎನ್ನುತ್ತದೆ, ಹಿಂದಿನಿಂದಲೂ ಹಾಗೆ. ಅಣ್ಣನ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೀಟರನ್ನು ಅವನ ಕೈಯಲ್ಲೇ ಹಿಡಿಸಿ, ಇವನು ಗ್ರೈಂಡರ್ ಸ್ವಿಚ್ ಹಾಕಿದ. 229 ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 222ಕ್ಕೆ ಇಳಿದು 228ಕ್ಕೆ ವಾಪಸ್ ಬಂತು. ಇವನು ಪೆನ್ಸಿಲ್ ತೆಗೆದುಕೊಂಡು ಅದೇ ಹಾಲಿನ ಚೀಟಿಯ ಕೆಳಗೆ ಬರೆದ: 7 ಭಾಗಿಸು ಮಾಮ ಹೇಳಿದ ಗೋಡೆಯ ಬೋರ್ಡಿನವರೆಗಿನ ಅರ್ಧ ಓಮ್, 14 ಆಂಪಿಯರ್. "ಅಮ್ಮಾ, ಆಂಪಿಯರ್ ತೂತು ಮುಟ್ಟದೆ ಆಂಪಿಯರ್ ಅಳೆದೆ" ಎಂದ. ಸರಿ ಇದೆಯಾ ಮಾಮಾ?

ಕಾರ್‌ಶೆಡ್ ಮಾಮ, ಮುಲುಂಡ್:

ದಾರಿ ಸರಿ ಇದೆ. ಸಂಖ್ಯೆ ಇನ್ನೂ ಜಾಸ್ತಿ ಇರುತ್ತದೆ. ಅಂಥ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಕಣ್ಣು ಬಿಡುತ್ತದೆ, ಮೋಟಾರಿನ ಮೊದಲ ಏಟು ಅದಕ್ಕೆ ಪೂರ್ತಿ ಸಿಗುವುದಿಲ್ಲ. ಮೋಟಾರಿನಲ್ಲಿ ಇನ್ನೊಂದು ತಂಟೆಯೂ ಇದೆ, ಅದನ್ನು ಮುಂದಿನ ಸಲ ಹೇಳುತ್ತೇನೆ. ಹುಡುಗನಿಗೆ ಹೇಳಿ, ಕಲ್ಲಿನಲ್ಲಿ ಅಕ್ಕಿ ತುಂಬಿ ಒಮ್ಮೆ, ಖಾಲಿ ಕಲ್ಲಿನಲ್ಲಿ ಒಮ್ಮೆ ನೋಡಲಿ. ಬರೆದುಕೊಳ್ಳಲಿ. ಚೀಟಿ ಎಸೆಯಬೇಡಿ.